ಗಾಣಕ್ಕಿಂತ ದಾಸ್ತಾನು ದೊಡ್ಡದು: ಶೇಂಗಾ ಎಣ್ಣೆ ಉದ್ಯಮದಲ್ಲಿ ನನ್ನ ಅನುಭವ

ಚಳ್ಳಕೆರೆ ಸೀಮೆಯಲ್ಲಿ ಮರದ ಗಾಣ ಹಾಕಿ ಶೇಂಗಾ ಎಣ್ಣೆ ತೆಗೆಯುವ ಸಣ್ಣ ಘಟಕವೊಂದನ್ನು ನಾನು ನಡೆಸುತ್ತಿದ್ದೇನೆ. ಇಂಥದೇ ಉದ್ಯಮ ಆರಂಭಿಸಬೇಕೆಂದು ವಿಚಾರಿಸಲು ಬರುವವರು ಬಹುತೇಕ ಮೊದಲು ಕೇಳುವುದು ಗಾಣದ ಬೆಲೆಯನ್ನು. ಒರಳು ಯಾವ ಮರದ್ದು, ಮೋಟಾರು ಎಷ್ಟು ಅಶ್ವಶಕ್ತಿಯದು, ಸಹಾಯಧನ ಎಷ್ಟು ಸಿಗುತ್ತದೆ ಎಂಬ ಪ್ರಶ್ನೆಗಳು ಅದರ ಬೆನ್ನಿಗೇ ಬರುತ್ತವೆ. ಅವೆಲ್ಲವೂ ಬೇಕಾದ ಮಾಹಿತಿಯೇ ಹೌದು. ಆದರೆ ನನ್ನ ಅನುಭವದಲ್ಲಿ ಈ ಉದ್ಯಮ ನಿಲ್ಲುವುದೂ ಬೀಳುವುದೂ ಸುಗ್ಗಿಯಲ್ಲಿ ಕೊಂಡ ಕಾಯಿಯನ್ನು ವರ್ಷವಿಡೀ ಹೇಗೆ ಕಾಪಾಡುತ್ತೇವೆ, ಅದಕ್ಕೆ ಬೇಕಾದ ದುಡ್ಡನ್ನು ಎಲ್ಲಿಂದ ತರುತ್ತೇವೆ ಎಂಬುದರ ಮೇಲೆ. ಆದ್ದರಿಂದ ಗಾಣದ ವಿಷಯವನ್ನು ಬೇಗ ಮುಗಿಸಿ ದಾಸ್ತಾನಿನ ಬಗ್ಗೆಯೇ ಹೆಚ್ಚು ಬರೆಯುತ್ತೇನೆ.

ಚಳ್ಳಕೆರೆಯನ್ನು ಎಣ್ಣೆ ನಗರಿ ಎಂದು ಕರೆಯುವುದು ಇಂದಿಗೂ ರೂಢಿಯಲ್ಲಿದೆ. ಮಳೆ ಕಡಿಮೆಯಾದ ಈ ಭಾಗದ ಕೆಂಪು ನೆಲಕ್ಕೆ ಶೇಂಗಾ ಒಗ್ಗಿದ ಬೆಳೆಯಾದ್ದರಿಂದ ಇಲ್ಲಿ ಎಣ್ಣೆ ಗಿರಣಿಗಳು ಸಾಲುಗಟ್ಟಿ ನಿಂತಿದ್ದವು. 1994ರಲ್ಲಿ ಪಾಮೋಲಿನ್ ಎಂಬ ತಾಳೆ ಎಣ್ಣೆಯ ಆಮದು ಮುಕ್ತಗೊಂಡ ಮೇಲೆ ಅಗ್ಗದ ಎಣ್ಣೆಯ ಎದುರು ನಿಲ್ಲಲಾಗದೆ ಅವುಗಳಲ್ಲಿ ಅನೇಕವು ಬಾಗಿಲು ಹಾಕಿದವು. ಬೆಲೆಯಲ್ಲಿ ರಿಫೈನ್ಡ್ ಎಣ್ಣೆಯೊಂದಿಗೆ ಪೈಪೋಟಿ ಮಾಡುವ ಯೋಚನೆಯನ್ನೇ ನಾನು ಇಟ್ಟುಕೊಳ್ಳದಿರುವುದಕ್ಕೆ ಈ ಇತಿಹಾಸವೇ ಕಾರಣ. ಶೇಂಗಾ ಎಣ್ಣೆಯ ಘಮ ಗೊತ್ತಿದ್ದು, ಅದಕ್ಕಾಗಿ ಹೆಚ್ಚು ಬೆಲೆ ಕೊಡಲು ಸಿದ್ಧವಿರುವ ಮನೆಗಳೇ ನನ್ನ ಗಿರಾಕಿಗಳು.

ಗಾಣವನ್ನು ಕೊಂಡದ್ದು ಬ್ಯಾಂಕ್ ಸಾಲದಿಂದ. ಕೇಂದ್ರ ಸರ್ಕಾರ 2020ರಲ್ಲಿ ಆರಂಭಿಸಿದ ಪಿಎಂಎಫ್‌ಎಂಇ ಯೋಜನೆಯಲ್ಲಿ ಕಿರು ಆಹಾರ ಸಂಸ್ಕರಣಾ ಘಟಕಗಳಿಗೆ ಯೋಜನಾ ವೆಚ್ಚದ ಶೇ. 35ರಷ್ಟು, ಗರಿಷ್ಠ 10 ಲಕ್ಷ ರೂಪಾಯಿ ಸಹಾಯಧನವಿತ್ತು. ಕರ್ನಾಟಕ ಸರ್ಕಾರ ತನ್ನ ಪಾಲಾಗಿ ಇನ್ನೂ ಶೇ. 15 ಸೇರಿಸಿದ್ದರಿಂದ ನಮ್ಮ ರಾಜ್ಯದಲ್ಲಿ ಅದು ಶೇ. 50, ಗರಿಷ್ಠ 15 ಲಕ್ಷ ರೂಪಾಯಿಯಾಗಿತ್ತು. ರಾಜ್ಯದಲ್ಲಿ ಇದನ್ನು ನೋಡಿಕೊಳ್ಳುವ ಸಂಸ್ಥೆ ಕೆಪೆಕ್, ಅಂದರೆ ರಾಜ್ಯ ಕೃಷಿ ಉತ್ಪನ್ನ ಸಂಸ್ಕರಣೆ ಮತ್ತು ರಫ್ತು ನಿಗಮ. ಇಲ್ಲಿ ಒಂದು ವಿಷಯವನ್ನು ಸ್ಪಷ್ಟವಾಗಿ ತಿಳಿದಿರಬೇಕು. ಈ ಸಹಾಯಧನ ನಮ್ಮ ಕೈಗೆ ಬರುವ ನಗದಲ್ಲ. ಅದು ಸಾಲ ಕೊಟ್ಟ ಬ್ಯಾಂಕಿನಲ್ಲೇ ಜಮೆಯಾಗಿ ಮೂರು ವರ್ಷ ಇರುತ್ತದೆ. ಅಷ್ಟು ಕಾಲ ಕಂತುಗಳನ್ನು ಸರಿಯಾಗಿ ಕಟ್ಟಿದ್ದರೆ ಸಾಲಕ್ಕೆ ಹೊಂದಾಣಿಕೆಯಾಗುತ್ತದೆ. ಆ ದುಡ್ಡಿನಿಂದ ಮೊದಲ ಸುಗ್ಗಿಯಲ್ಲಿ ಕಾಯಿ ಕೊಳ್ಳಬಹುದೆಂದು ಲೆಕ್ಕ ಹಾಕಿದವರು ನಿಜಕ್ಕೂ ತೊಂದರೆಗೆ ಸಿಲುಕುತ್ತಾರೆ. ಸಣ್ಣ ಉದ್ಯಮಗಳಿಗಾಗಿ ಇರುವ ಸರ್ಕಾರದ ಉದ್ಯಮ್ ನೋಂದಣಿ ಉಚಿತ, ಮನೆಯಲ್ಲೇ ಕುಳಿತು ಮಾಡಿಕೊಳ್ಳಬಹುದು. ಆಹಾರ ಸುರಕ್ಷತೆಯ ವಿಷಯದಲ್ಲಿ, ನಾನು ಆರಂಭಿಸಿದಾಗ ಇದ್ದ ನಿಯಮದಂತೆ, ವಾರ್ಷಿಕ ವಹಿವಾಟು 12 ಲಕ್ಷ ರೂಪಾಯಿಯೊಳಗಿದ್ದರೆ ನೋಂದಣಿ ಸಾಕು, ಅದಕ್ಕೆ ಮೇಲಾದರೆ ಪರವಾನಗಿ ಬೇಕು.

ಇನ್ನು ಲೆಕ್ಕ. ಒಳ್ಳೆಯ ಶೇಂಗಾ ಬೀಜದಲ್ಲಿ ಶೇ. 45ರಿಂದ 50ರಷ್ಟು ಎಣ್ಣೆ ಇರುತ್ತದಾದರೂ ಮರದ ಗಾಣ ಅದೆಲ್ಲವನ್ನೂ ಹಿಂಡಿ ತೆಗೆಯುವುದಿಲ್ಲ. ಒಂದು ಲೀಟರ್ ಎಣ್ಣೆಗೆ ಎರಡೂವರೆ ಕೆಜಿ ಬೀಜ ಬೇಕೆಂದು ಹಿಡಿದರೆ ಲೆಕ್ಕ ತಪ್ಪುವುದಿಲ್ಲ. ಒಂದು ಲೀಟರ್ ಎಣ್ಣೆಯ ತೂಕ ಸುಮಾರು 910 ಗ್ರಾಂ. ಮಡ್ಡಿ ಮತ್ತು ತೇವಾಂಶದ ನಷ್ಟ ಕಳೆದು ಒಂದೂವರೆ ಕೆಜಿಯಷ್ಟು ಹಿಂಡಿ ಉಳಿಯುತ್ತದೆ. ಒಂದು ಗಾಣದಲ್ಲಿ ಪ್ರತಿ ಸಲ 15 ಕೆಜಿ ಹಾಕಿ, ದಿನಕ್ಕೆ ಆರೇಳು ಸಲ ಆಡಿಸಿದರೆ ಸುಮಾರು ಒಂದು ಕ್ವಿಂಟಲ್ ಬೀಜ, ಅಂದರೆ 40 ಲೀಟರ್ ಎಣ್ಣೆ. ತಿಂಗಳಿಗೆ 25 ದಿನದ ಕೆಲಸವೆಂದರೆ 25 ಕ್ವಿಂಟಲ್ ಬೀಜ ಬೇಕು. ನೂರು ಕೆಜಿ ಕಾಯಿ ಒಡೆದರೆ 70 ಕೆಜಿ ಬೀಜ ಸಿಗುವುದರಿಂದ ಕಾಯಿಯ ಲೆಕ್ಕದಲ್ಲಿ ಇದು ತಿಂಗಳಿಗೆ 36 ಕ್ವಿಂಟಲ್ ಸಮೀಪ.

ಈಗ ಇದನ್ನು ವರ್ಷಕ್ಕೆ ವಿಸ್ತರಿಸಿ ನೋಡಬೇಕು. ಮುಂಗಾರಿನ ಬೆಳೆ ನಮ್ಮಲ್ಲಿ ಅಕ್ಟೋಬರ್, ನವೆಂಬರ್‌ನಲ್ಲಿ ಕಣಕ್ಕೆ ಬರುತ್ತದೆ. ಆಗ ಕೊಂಡದ್ದರಲ್ಲಿ ಒಂಬತ್ತು ತಿಂಗಳು ಗಾಣ ತಿರುಗಬೇಕೆಂದರೆ 320 ಕ್ವಿಂಟಲ್ ಕಾಯಿ ಬೇಕು. 2025-26ರ ಬೆಂಬಲ ಬೆಲೆಯಾದ ಕ್ವಿಂಟಲ್‌ಗೆ 7,263 ರೂಪಾಯಿಯಂತೆ ಹಿಡಿದರೂ ಅದು 23 ಲಕ್ಷ ರೂಪಾಯಿ ದಾಟುತ್ತದೆ. ಗಾಣ, ಮೋಟಾರು, ಕಾಯಿ ಒಡೆಯುವ ಯಂತ್ರ ಎಲ್ಲವೂ ಸೇರಿದರೂ ಈ ಮೊತ್ತದ ಹತ್ತಿರಕ್ಕೆ ಬರುವುದಿಲ್ಲ. ಅಷ್ಟನ್ನೂ ಒಮ್ಮೆಗೇ ಕೊಳ್ಳುವ ಶಕ್ತಿ ನನಗಿರಲಿಲ್ಲ. ಆದ್ದರಿಂದ ಗಾಣವನ್ನು ಪೂರ್ತಿ ಸಾಮರ್ಥ್ಯದಲ್ಲಿ ಓಡಿಸುವ ಆಸೆಯನ್ನು ಬದಿಗಿಟ್ಟು, ಗೋದಾಮಿನಲ್ಲಿ ಇರುವ ಕಾಯಿಗೆ ತಕ್ಕಂತೆ ವಾರದ ಕೆಲವೇ ದಿನ ಆಡಿಸುವುದೆಂದು ಆರಂಭದಲ್ಲೇ ನಿರ್ಧರಿಸಿದೆ. ಮೇ ತಿಂಗಳ ಹೊತ್ತಿಗೆ ನೀರಾವರಿಯ ಬೇಸಿಗೆ ಬೆಳೆ ಬರುವುದರಿಂದ ಎರಡನೆಯ ಖರೀದಿಗೆ ಆಗ ಅವಕಾಶವಿರುತ್ತದೆ. ಯಂತ್ರದ ಸಾಲದ ಜೊತೆಗೆ ದುಡಿಯುವ ಬಂಡವಾಳಕ್ಕೆ ಕ್ಯಾಶ್ ಕ್ರೆಡಿಟ್ (ಬೇಕಾದಾಗ ತೆಗೆದು, ಮಾರಾಟವಾದಂತೆ ಮರಳಿ ಕಟ್ಟುವ ಸಾಲ) ಮಿತಿಯನ್ನೂ ಬ್ಯಾಂಕಿನಲ್ಲಿ ಮೊದಲೇ ಕೇಳಿ ಪಡೆಯಬೇಕೆಂದು ನಾನು ಹೊಸಬರಿಗೆ ಒತ್ತಿ ಹೇಳುವುದು ಇದೇ ಕಾರಣಕ್ಕೆ. ಸುಗ್ಗಿ ಬಂದ ಮೇಲೆ ಅರ್ಜಿ ಹಾಕಿದರೆ ಮಂಜೂರಾಗುವಷ್ಟರಲ್ಲಿ ಒಳ್ಳೆಯ ಮಾಲು ಬೇರೆಯವರ ಪಾಲಾಗಿರುತ್ತದೆ.

ಖರೀದಿ ಮಾಡುವಾಗ ನಾನು ರೈತರ ಕಣಕ್ಕೂ ಎಪಿಎಂಸಿಗೂ ಹೋಗುತ್ತೇನೆ. ಪ್ರತಿ ರಾಶಿಯಿಂದ ಒಂದು ಕೆಜಿ ಕಾಯಿ ತೆಗೆದು, ಸುಲಿದು, ಬೀಜ ತೂಗಿದರೆ ಬೆಲೆಯ ಮಾತು ಅಲ್ಲಿಯೇ ಇತ್ಯರ್ಥವಾಗುತ್ತದೆ. ಕಾಯಿಯನ್ನು ಕಿವಿಯ ಬಳಿ ಅಲ್ಲಾಡಿಸಿದಾಗ ಬೀಜ ಗಲಗಲ ಎನ್ನಬೇಕು, ಬೀಜವನ್ನು ಉಜ್ಜಿದರೆ ಅದರ ತೆಳು ಸಿಪ್ಪೆ ಬಿಡಬೇಕು. ಬೀಜದ ತೇವಾಂಶ ಶೇ. 8ಕ್ಕಿಂತ ಕಡಿಮೆ ಇರದಿದ್ದರೆ ನಾನು ಚೀಲ ಕಟ್ಟಿಸುವುದಿಲ್ಲ. ಹಸಿ ಮಾಲಿಗೆ ಬೂಷ್ಟು ಹಿಡಿಯುತ್ತದೆ, ಅದರಲ್ಲೂ ಆಸ್ಪರ್ಜಿಲಸ್ ಜಾತಿಯ ಶಿಲೀಂಧ್ರ ಬೆಳೆದರೆ ಅಫ್ಲಾಟಾಕ್ಸಿನ್ ಎಂಬ ವಿಷ ಸೇರುತ್ತದೆ. ದೊಡ್ಡ ಕಾರ್ಖಾನೆಯ ಸಂಸ್ಕರಣೆಯಲ್ಲಿ ಕ್ಷಾರದಿಂದ ತೊಳೆದಾಗ, ಬಣ್ಣ ತೆಗೆದಾಗ ಆ ವಿಷದ ಬಹುಪಾಲು ಹೋಗುತ್ತದೆ. ಗಾಣದ ಎಣ್ಣೆಯನ್ನು ನಾವು ತಿಳಿಯಾಗಲು ಬಿಟ್ಟು ಸೋಸುತ್ತೇವೆಯೇ ಹೊರತು ಬೇರೇನೂ ಮಾಡುವುದಿಲ್ಲ. ಬೀಜದಲ್ಲಿದ್ದ ಒಳ್ಳೆಯದು ಎಣ್ಣೆಗೆ ಬರುವ ಹಾಗೆಯೇ ಕೆಟ್ಟದ್ದೂ ಬರುತ್ತದೆ. ಆದ್ದರಿಂದ ಬೀಜವನ್ನು ಕೈಯಿಂದ ಆರಿಸುವ ಕೆಲಸಕ್ಕೆ ನಮ್ಮಲ್ಲಿ ಗಾಣ ನಡೆಸುವುದಕ್ಕಿಂತ ಹೆಚ್ಚು ಕೂಲಿ ಖರ್ಚಾಗುತ್ತದೆ. ಒಡೆದ, ಸುಕ್ಕುಗಟ್ಟಿದ, ಬಣ್ಣಗೆಟ್ಟ ಕಾಳುಗಳನ್ನು ಹೆಂಗಸರು ಮೊರದಲ್ಲಿ ಹರಡಿಕೊಂಡು ಒಂದೊಂದಾಗಿ ತೆಗೆಯುತ್ತಾರೆ. ಈ ಖರ್ಚನ್ನು ಉಳಿಸಬಹುದೆಂದು ಸಲಹೆ ಕೊಟ್ಟವರಿದ್ದಾರೆ, ಆದರೆ ನಾನು ಯಾವತ್ತೂ ಒಪ್ಪಿಲ್ಲ. ಮಕ್ಕಳಿರುವ ಮನೆಗೆ ಹೋಗುವ ಎಣ್ಣೆ ಅದು.

ದಾಸ್ತಾನನ್ನು ಬೀಜ ಮಾಡಿ ಇಡದೆ ಕಾಯಿಯಾಗಿಯೇ ಇಡುತ್ತೇನೆ. ಇದಕ್ಕೆ ಜಾಗ ಬಹಳ ಬೇಕು ನಿಜ. ಆದರೆ ಸಿಪ್ಪೆಯೊಳಗಿನ ಬೀಜಕ್ಕೆ ಹುಳು ಬೇಗ ತಾಗುವುದಿಲ್ಲ, ಕಮಟು ವಾಸನೆಯೂ ಬೇಗ ಬರುವುದಿಲ್ಲ. ಗೋಣಿಚೀಲಗಳನ್ನು ಮರದ ಹಲಗೆಗಳ ಮೇಲೆ, ಗೋಡೆಯಿಂದ ದೂರ ಜೋಡಿಸಿ, ಒಂದು ವಾರಕ್ಕೆ ಬೇಕಾದಷ್ಟನ್ನು ಮಾತ್ರ ಒಡೆಸುತ್ತೇವೆ.

ಬೆಲೆ ಕಟ್ಟುವುದಕ್ಕೆ ಒಂದು ಉದಾಹರಣೆ ಕೊಡುತ್ತೇನೆ. ಒಡೆದು ಆರಿಸಿದ ಬೀಜ ಕೆಜಿಗೆ 110 ರೂಪಾಯಿ ಬಿದ್ದಿದೆ ಎಂದುಕೊಳ್ಳೋಣ. ಒಂದು ಲೀಟರ್‌ಗೆ ಬೀಜದ ಖರ್ಚು 275 ರೂಪಾಯಿ. ಹಿಂಡಿ ಕೆಜಿಗೆ 40 ರೂಪಾಯಿಯಂತೆ ಮಾರಿದರೆ 60 ರೂಪಾಯಿ ಹಿಂದಿರುಗುತ್ತದೆ, 215 ಉಳಿಯುತ್ತದೆ. ಅದರ ಮೇಲೆ ಬಾಟಲಿ, ಕೂಲಿ, ವಿದ್ಯುತ್, ಬಾಡಿಗೆ ಮತ್ತು ದಾಸ್ತಾನಿನ ಮೇಲಿನ ಬಡ್ಡಿ. ಈ ಬಡ್ಡಿಯನ್ನು ಬರೆಯಲು ಮರೆಯುವವರೇ ಹೆಚ್ಚು. ನವೆಂಬರ್‌ನಲ್ಲಿ ಕೊಂಡ ಕಾಯಿಯನ್ನು ಜೂನ್‌ನಲ್ಲಿ ಎಣ್ಣೆ ಮಾಡಿದರೆ ಅಷ್ಟೂ ತಿಂಗಳ ಬಡ್ಡಿ ಆ ಲೀಟರಿನ ಮೇಲೆಯೇ ಬೀಳಬೇಕು. ಹಿಂಡಿಯ ಬೆಲೆ ಕೆಜಿಗೆ 10 ರೂಪಾಯಿ ಇಳಿದರೆ ಎಣ್ಣೆಯ ಅಸಲು ಲೀಟರಿಗೆ 15 ರೂಪಾಯಿ ಏರುತ್ತದೆ ಎಂಬುದನ್ನೂ ಇದರಲ್ಲೇ ಕಾಣಬಹುದು. 2024ರ ಸೆಪ್ಟೆಂಬರ್‌ನಲ್ಲಿ ಕಚ್ಚಾ ತಾಳೆ, ಸೋಯಾ ಮತ್ತು ಸೂರ್ಯಕಾಂತಿ ಎಣ್ಣೆಗಳ ಮೂಲ ಆಮದು ಸುಂಕ ಶೂನ್ಯದಿಂದ ಶೇ. 20ಕ್ಕೆ ಏರಿತು, 2025ರ ಮೇ ಕೊನೆಯಲ್ಲಿ ಶೇ. 10ಕ್ಕೆ ಇಳಿಯಿತು. ಇದರಿಂದ ಮಾರುಕಟ್ಟೆಯ ಎಣ್ಣೆ ಬೆಲೆಯಲ್ಲಾಗುವ ಏರಿಳಿತದ ಹಿಂದೆ ಓಡಿ ನನ್ನ ದರ ಬದಲಿಸಲು ನಾನು ಹೋಗುವುದಿಲ್ಲ. ಖರೀದಿ ಮುಗಿದ ಮೇಲೆ ಒಮ್ಮೆ ದರ ನಿಗದಿ ಮಾಡಿ, ಮುಂದಿನ ಖರೀದಿಯವರೆಗೆ ಅದನ್ನೇ ಉಳಿಸಿಕೊಳ್ಳುತ್ತೇನೆ.

ಬಿಡಿ ಎಣ್ಣೆಯ ಮಾರಾಟಕ್ಕೆ ನಿಷೇಧವಿರುವುದರಿಂದ ಎಲ್ಲವೂ ಮುಚ್ಚಿದ ಬಾಟಲಿ, ಕ್ಯಾನುಗಳಲ್ಲೇ ಹೋಗಬೇಕು. ಚೀಟಿಯ ಮೇಲೆ ಲೀಟರ್ ಜೊತೆಗೆ ಗ್ರಾಂ ಕೂಡ ಮುದ್ರಿಸಿರುತ್ತೇನೆ. ಒಂದು ಲೀಟರ್ ಅಂದರೆ ಒಂದು ಕೆಜಿಯಲ್ಲವೇ ಎಂದು ಕೇಳುವ ಗಿರಾಕಿಗಳಿಗೆ ತಕ್ಕಡಿಯಲ್ಲೇ ತೋರಿಸಿ ವಿವರಿಸುತ್ತೇನೆ. ರೋಗ ವಾಸಿಯಾಗುತ್ತದೆ ಎಂಬಂಥ ಮಾತುಗಳನ್ನು ಚೀಟಿಯ ಮೇಲೂ ಹಾಕಿಲ್ಲ, ಬಾಯಲ್ಲೂ ಹೇಳುವುದಿಲ್ಲ. ಬೆಂಗಳೂರಿನ ಮನೆಗಳಿಗೆ ಐದು ಲೀಟರಿನ ಕ್ಯಾನುಗಳು ಬಸ್ಸಿನ ಪಾರ್ಸಲ್‌ನಲ್ಲಿ ಹೋಗುತ್ತವೆ, ಆ ವ್ಯಾಪಾರ ಪೂರ್ತಿ ಮುಂಗಡ ಹಣದ್ದು. ಅಂಗಡಿಗಳದ್ದು ಉದ್ರಿ ವ್ಯವಹಾರ. ಕಿರು ಉದ್ಯಮಕ್ಕೆ ಲಿಖಿತ ಒಪ್ಪಂದವಿದ್ದರೂ 45 ದಿನದೊಳಗೆ ಹಣ ಸಂದಾಯವಾಗಬೇಕೆಂದು 2006ರ ಎಂಎಸ್‌ಎಂಇ (ಕಿರು, ಸಣ್ಣ, ಮಧ್ಯಮ ಉದ್ಯಮಗಳ) ಕಾಯ್ದೆ ಹೇಳುತ್ತದೆ. ಕಾನೂನು ತೋರಿಸಿ ವಸೂಲು ಮಾಡುವ ಬದಲು, ಹಳೆಯ ಬಿಲ್ ತೀರಿದ ಮೇಲೆ ಹೊಸ ಮಾಲು ಎಂಬ ಕ್ರಮವನ್ನು ಎಲ್ಲ ಅಂಗಡಿಗಳಿಗೂ ಒಂದೇ ರೀತಿ ಅನ್ವಯಿಸಿದ್ದೇನೆ. ಒಪ್ಪದವರಿಗೆ ಮಾಲು ಕೊಡುವುದಿಲ್ಲ.

ಹಿಂಡಿಗೆ ಗಿರಾಕಿಗಳು ಸುತ್ತಲಿನ ಹೈನುಗಾರರೇ. ಗಾಣದ ಹಿಂಡಿಯಲ್ಲಿ ಸ್ವಲ್ಪ ಎಣ್ಣೆ ಉಳಿದಿರುವುದರಿಂದ ಹಸುಗಳಿಗೆ ಒಳ್ಳೆಯದೆಂದು ಹುಡುಕಿಕೊಂಡು ಬರುತ್ತಾರೆ. ಬೂಷ್ಟು ಬಂದ ಹಿಂಡಿಯ ವಿಷ ಹಾಲಿಗೂ ಇಳಿಯುವುದರಿಂದ ಅದನ್ನೂ ಒಣಗಿದ ಜಾಗದಲ್ಲಿಟ್ಟು ಬೇಗ ವಿಲೇವಾರಿ ಮಾಡುತ್ತೇವೆ. ಬೇಡಿಕೆ ಹೆಚ್ಚಿರುವುದರಿಂದ ಎರಡನೆಯ ಗಾಣ ಹಾಕಿಸುವಂತೆ ಮನೆಯವರೂ ಗಿರಾಕಿಗಳೂ ಒತ್ತಾಯಿಸುತ್ತಿದ್ದಾರೆ. ಈ ಸುಗ್ಗಿಗೆ ಮೊದಲು ಗೋದಾಮನ್ನು ದೊಡ್ಡದು ಮಾಡಿಸಿ, ಕ್ಯಾಶ್ ಕ್ರೆಡಿಟ್ ಮಿತಿಯನ್ನು ಹೆಚ್ಚಿಸಿಕೊಳ್ಳುವ ಕೆಲಸಕ್ಕೆ ಕೈಹಾಕಿದ್ದೇನೆ. ಒಂಬತ್ತು ತಿಂಗಳ ಕಾಯಿ ಒಳಗೆ ಬಂದು ಕುಳಿತ ವರ್ಷ ಎರಡನೆಯ ಗಾಣಕ್ಕೆ ಮುಂಗಡ ಕೊಡುತ್ತೇನೆ.