ಫಾರಿನ್‌ಗೆ ಹೊರಟಿದ್ದೀರಾ? ಕ್ರೆಡಿಟ್ ಕಾರ್ಡನ್ನು ಊರಲ್ಲೇ ರೆಡಿ ಮಾಡಿಕೊಳ್ಳಿ

ರಾಯಚೂರಿನ ರಾಜೇಂದ್ರ ಗಂಜ್‌ನಲ್ಲಿ ಹತ್ತಿ ವ್ಯಾಪಾರ ಮಾಡುವ ನಮ್ಮ ಭಾವ, ಅಕ್ಕನ ಜೊತೆ ಜರ್ಮನಿಯಲ್ಲಿರುವ ಮಗಳ ಮನೆಗೆ ಹೋಗಿದ್ದರು. ಮೊದಲ ದಿನವೇ ಅಂಗಡಿಯಲ್ಲಿ ಅವರ ಕಾರ್ಡ್ ನಡೆಯಲಿಲ್ಲ. ಲಿಮಿಟ್ ಬೇಕಾದಷ್ಟಿತ್ತು, ಹಳೆ ಬಾಕಿಯೂ ಇರಲಿಲ್ಲ. "ಹಿಂದ ನಿಂತ ಮಂದಿ ಎಲ್ಲಾ ನೋಡಾಕತ್ತಿದ್ರು, ಭಾಳ ಕೆಟ್ಟ ಅನ್ನಿಸ್ತು" ಎಂದು ಅಕ್ಕ ಫೋನ್‌ನಲ್ಲಿ ಹೇಳಿದಳು. ನನಗೂ ಸಂಕಟವಾಯಿತು. ಮೊಬೈಲ್‌ನಲ್ಲಿ ಒಂದು ಸ್ವಿಚ್ ಆನ್ ಮಾಡಿದ್ದರೆ ಸಾಕಿತ್ತು.

ಊರಲ್ಲಿದ್ದಾಗಲೇ

2020ರ ಅಕ್ಟೋಬರ್ 1ರಿಂದ ರಿಸರ್ವ್ ಬ್ಯಾಂಕಿನ ಒಂದು ನಿಯಮವಿದೆ. ಹೊಸ ಕಾರ್ಡ್ ಕೈಗೆ ಬಂದಾಗ ಅದು ಭಾರತದ ಎಟಿಎಂ ಮತ್ತು ಅಂಗಡಿ ಮಷಿನ್‌ಗಳಲ್ಲಿ ಮಾತ್ರ ನಡೆಯುತ್ತದೆ. ವಿದೇಶದ ಬಳಕೆ, ಆನ್‌ಲೈನ್, ಟ್ಯಾಪ್ (ಕಾರ್ಡನ್ನು ಮಷಿನ್ನಿಗೆ ತಾಗಿಸಿ ಕೊಡುವುದು) ಇವನ್ನೆಲ್ಲ ನಾವೇ ಆನ್ ಮಾಡಿಕೊಳ್ಳಬೇಕು. ಬ್ಯಾಂಕ್ ಆ್ಯಪ್ ತೆರೆದು ಕಾರ್ಡ್ ಸೆಟ್ಟಿಂಗ್ಸ್‌ಗೆ ಹೋಗಿ. 'ಇಂಟರ್‌ನ್ಯಾಷನಲ್' ಆನ್ ಮಾಡಿ. ಅದರ ಕೆಳಗೆ ಅಂಗಡಿ, ಆನ್‌ಲೈನ್, ಟ್ಯಾಪ್ ಬೇರೆ ಬೇರೆ ಇರಬಹುದು, ಒಂದೊಂದನ್ನೂ ನೋಡಿ. ಲಿಮಿಟ್ ಕೂಡ ಅಲ್ಲೇ ಹಾಕಬಹುದು. ಖರ್ಚಿಗೆ ಎಷ್ಟು ಬೇಕೋ ಅಷ್ಟೇ ಇಡಿ.

ಆಮೇಲೆ ಪಿನ್. ನಮ್ಮಲ್ಲಿ 5,000 ರೂಪಾಯಿವರೆಗೆ ಟ್ಯಾಪ್ ಮಾಡಿದರೆ ಪಿನ್ ಕೇಳುವುದಿಲ್ಲ. ಹಾಗಾಗಿ ಎಷ್ಟೋ ಜನರಿಗೆ ಪಿನ್ ಮರೆತೇ ಹೋಗಿರುತ್ತದೆ. ಯುರೋಪಿನಲ್ಲಿ ಕಾರ್ಡ್ ಒಳಗಿಟ್ಟರೆ ಸಾಮಾನ್ಯವಾಗಿ ಪಿನ್ ಕೇಳುತ್ತದೆ. ಸ್ಟೇಷನ್ನಿನ ಟಿಕೆಟ್ ಮಷಿನ್ ಮುಂದೆ ಸಹಾಯಕ್ಕೆ ಯಾರೂ ಇರುವುದಿಲ್ಲ, ಅಲ್ವಾ? ಹೊರಡುವ ವಾರ ಪಕ್ಕದ ಕಿರಾಣಿ ಅಂಗಡಿಯಲ್ಲೋ ಪೆಟ್ರೋಲ್ ಬಂಕಿನಲ್ಲೋ ಒಮ್ಮೆ ಕಾರ್ಡ್ ಒಳಗಿಟ್ಟು ಪಿನ್ ಒತ್ತಿ ನೋಡಿ. ಸುಮ್ನೆ ಊಹಿಸಿ ಒತ್ತುತ್ತಾ ಹೋದರೆ ಕಾರ್ಡ್ ಲಾಕ್ ಆಗುತ್ತದೆ.

ಓಟಿಪಿ ಬರುವ ಸಿಮ್‌ಗೆ ರೋಮಿಂಗ್ ಹಾಕಿಸಿ. ಬ್ಯಾಂಕಿನ +91ರಿಂದ ಶುರುವಾಗುವ ನಂಬರನ್ನು ಚೀಟಿಯಲ್ಲಿ ಬರೆದುಕೊಳ್ಳಿ. 1800ರ ನಂಬರ್ ಹೊರದೇಶದಿಂದ ಸಿಗದೇ ಇರಬಹುದು. ಇನ್ನೊಂದು ಕಾರ್ಡ್ ಇದ್ದರೆ ಅದನ್ನು ಬೇರೆ ಬ್ಯಾಗಿನಲ್ಲಿಡಿ.

ಮಷಿನ್ ಮುಂದೆ

ಚಿಪ್ ಇರುವ ಬದಿಯನ್ನು ಮಷಿನ್ನಿಗೆ ತೂರಿಸಿ. ಪರದೆ ಹೇಳುವವರೆಗೆ ಕಾರ್ಡ್ ಎಳೆಯಬೇಡಿ. ಮೊತ್ತ ನೋಡಿ, ಪಿನ್ ಹಾಕಿ, ಹಸಿರು ಗುಂಡಿ ಒತ್ತಿ.

ಇಷ್ಟರ ನಡುವೆ ಒಂದು ಪ್ರಶ್ನೆ ಬರಬಹುದು: ರೂಪಾಯಿಯಲ್ಲಿ ಕೊಡುತ್ತೀರಾ, ಯೂರೋದಲ್ಲಿ ಕೊಡುತ್ತೀರಾ? ದಯವಿಟ್ಟು ಇಲ್ಲಿ ಅವಸರ ಮಾಡಬೇಡಿ. ನಮ್ಮ ರೂಪಾಯಿ ಕಂಡ ಕೂಡಲೇ ಮನಸ್ಸು ಅದರ ಕಡೆಗೇ ಓಡುತ್ತದೆ. ಭಾವನೂ ಎರಡು ಸಲ ರೂಪಾಯಿಯನ್ನೇ ಒತ್ತಿದ್ದರು. ಆದರೆ ಆಗ ರೂಪಾಯಿ ದರ ಕಟ್ಟುವವರು ಅಂಗಡಿಯ ಕಡೆಯವರು. ಅವರ ಲಾಭ ಆ ದರದೊಳಗೇ ಸೇರಿರುತ್ತದೆ. ಕೆಲವು ಬ್ಯಾಂಕುಗಳು ಇಂಥ ವ್ಯವಹಾರಕ್ಕೂ ತಮ್ಮ ಶುಲ್ಕ ಹಾಕುತ್ತವೆ. ಹೋದ ದೇಶದ ಹಣವನ್ನೇ ಆರಿಸಿ: ಜರ್ಮನಿಯಲ್ಲಿ ಯೂರೋ, ದುಬೈನಲ್ಲಿ ದಿರ್ಹಮ್, ಮೆಕ್ಕಾ ಮದೀನಾ ಯಾತ್ರೆಗೆ ಹೋದವರು ರಿಯಾಲ್. ಅಂಗಡಿಯವರು ಕೇಳದೆ ರೂಪಾಯಿ ಒತ್ತಿದ್ದರೆ, ರದ್ದು ಮಾಡಿ ಮತ್ತೆ ಮಾಡಲು ಹೇಳಿ. ಅದು ನಿಮ್ಮ ಹಕ್ಕು, ನಾಚಿಕೆ ಬೇಡ.

ಹಾಗಂತ ಯೂರೋದಲ್ಲಿ ಕೊಟ್ಟರೆ ಖರ್ಚೇ ಇಲ್ಲ ಅಂತಲ್ಲ. ವಿದೇಶಿ ಹಣದ ಖರೀದಿಗೆ ನಿಮ್ಮ ಬ್ಯಾಂಕ್ ಹಾಕುವ ಶುಲ್ಕ, ಅಂದರೆ 'ಮಾರ್ಕಪ್', ಶೇ 3.5 ಇದ್ದರೆ, 10,000 ರೂಪಾಯಿ ಖರೀದಿಗೆ 350 ರೂಪಾಯಿ. ಅದರ ಮೇಲೆ ಶೇ 18 ಜಿಎಸ್‌ಟಿ, ಅಂದರೆ 63. ಒಟ್ಟು 413 ರೂಪಾಯಿ ಜಾಸ್ತಿ. ಮಾರ್ಕಪ್ ಕಡಿಮೆ ಇರುವ ಕಾರ್ಡುಗಳೂ ಇವೆ. ಮನೆಯಲ್ಲಿ ಎರಡು ಕಾರ್ಡ್ ಇದ್ದರೆ ಹೊರಡುವ ಮೊದಲೇ ಹೋಲಿಸಿ ನೋಡಿ.

ಎಟಿಎಂನಲ್ಲಿ ಮಾತ್ರ ಕ್ರೆಡಿಟ್ ಕಾರ್ಡ್ ಹಾಕಬೇಡಿ. ನಗದು ತೆಗೆದ ದಿನದಿಂದಲೇ ಬಡ್ಡಿ ಶುರು, ಶುಲ್ಕ ಬೇರೆ. ಜರ್ಮನಿಯಲ್ಲಿ ನಗದು ಮಾತ್ರ ತೆಗೆದುಕೊಳ್ಳುವ ಸಣ್ಣ ಅಂಗಡಿಗಳು ಈಗಲೂ ಇವೆ. ಅದಕ್ಕೆ ಫಾರೆಕ್ಸ್ ಕಾರ್ಡೋ (ಮೊದಲೇ ವಿದೇಶಿ ಹಣ ತುಂಬಿಸಿಕೊಳ್ಳುವ ಕಾರ್ಡ್) ಡೆಬಿಟ್ ಕಾರ್ಡೋ ಇರಲಿ. ಹೋಟೆಲ್‌ನವರು ಡೆಪಾಸಿಟ್ ಎಂದು ಸ್ವಲ್ಪ ಹಣ ತಡೆಹಿಡಿಯುತ್ತಾರೆ. ಅದು ಬಿಡುಗಡೆಯಾಗಲು ಕೆಲವು ದಿನ ಬೇಕು, ಲಿಮಿಟ್ ಲೆಕ್ಕ ಹಾಕುವಾಗ ನೆನಪಿರಲಿ. ಅಮೆರಿಕಕ್ಕೆ ಹೋದವರಿಗೆ ಪೆಟ್ರೋಲ್ ಪಂಪಿನ ಮಷಿನ್ ಅಲ್ಲಿನ ಅಂಚೆ ಪಿನ್‌ಕೋಡ್ (ಜಿಪ್ ಕೋಡ್) ಕೇಳಬಹುದು. ಒಳಗೆ ಹೋಗಿ ಕೌಂಟರ್‌ನಲ್ಲಿ ಮೊದಲೇ ಹಣ ಕೊಟ್ಟರೆ ಕೆಲಸ ಆಗುತ್ತದೆ.

ವಾಪಸ್ ಬಂದ ಮೇಲೆ

ರಸೀದಿಗಳನ್ನು ಬಿಸಾಡಬೇಡಿ. ಕಾರ್ಡ್ ಕೊಟ್ಟ ದಿನದ ದರಕ್ಕೂ ಬಿಲ್ಲಿನ ದರಕ್ಕೂ ತುಸು ವ್ಯತ್ಯಾಸ ಇರುತ್ತದೆ, ಯಾಕೆಂದರೆ ಲೆಕ್ಕ ಚುಕ್ತಾ ಆಗುವುದು ಒಂದೆರಡು ದಿನ ತಡವಾಗಿ. ಆದರೆ ನೀವು ಹೋಗದ ಅಂಗಡಿಯ ಹೆಸರು ಕಂಡರೆ ತಡಮಾಡಬೇಡಿ. ಕಾರ್ಡ್ ಬ್ಲಾಕ್ ಮಾಡಿ ಬ್ಯಾಂಕಿಗೆ ತಿಳಿಸಿ. ನಿಮ್ಮದೂ ಬ್ಯಾಂಕಿನದೂ ತಪ್ಪಿಲ್ಲದ ಮೋಸವನ್ನು, ಬ್ಯಾಂಕಿನಿಂದ ಸಂದೇಶ ಬಂದ 3 ಕೆಲಸದ ದಿನಗಳೊಳಗೆ ತಿಳಿಸಿದರೆ ನಷ್ಟ ನಿಮ್ಮ ಮೇಲೆ ಬೀಳುವುದಿಲ್ಲ. ಇದು ರಿಸರ್ವ್ ಬ್ಯಾಂಕ್ 2017ರಲ್ಲೇ ಹೇಳಿದ ಮಾತು. ಪರದೇಶದ ಎಷ್ಟೋ ವೆಬ್‌ಸೈಟ್‌ಗಳು ಓಟಿಪಿ ಕೇಳದೆಯೇ ಹಣ ತೆಗೆಯುತ್ತವೆ. ಆದ್ದರಿಂದ ಹೈದರಾಬಾದಿನ ಶಂಶಾಬಾದ್ ವಿಮಾನ ನಿಲ್ದಾಣದಲ್ಲಿ ಇಳಿದು ರಾಯಚೂರಿನ ಕಾರು ಹತ್ತಿದ ಕೂಡಲೇ ಆ್ಯಪ್ ತೆರೆದು 'ಇಂಟರ್‌ನ್ಯಾಷನಲ್' ಆಫ್ ಮಾಡಿ.