ಸೈಕಲ್ ಬಾಕ್ಸ್‌ಗೆ ತುಂಬುವ ಮುಂಚೆ

ಗೆಳೆಯರಿಬ್ಬರು ಸೈಕಲ್ ಸಮೇತ ಹೊರದೇಶಕ್ಕೆ ಹೊರಟಿದ್ದರೆ, ಮೊದಲು ಪೂರ್ತಿ ಲಗೇಜ್ ಕಟ್ಟಿಕೊಂಡು ಮಡಿಕೇರಿಯಿಂದ ಸಂಪಾಜೆ ಘಾಟಿ ಇಳಿದು, ಹತ್ತಿ ಬನ್ನಿ. ಕ್ಯಾರಿಯರ್ ಬೋಲ್ಟ್ ಸಡಿಲವಾಗೋದು, ಬ್ರೇಕ್ ಪ್ಯಾಡ್ ಸವೆಯೋದು ಅಲ್ಲೇ ಗೊತ್ತಾಗುತ್ತೆ. ಮಳೆಗಾಲದಲ್ಲಾದರೆ ಇನ್ನೂ ಬೇಗ.

ಪ್ಯಾಕಿಂಗ್‌ನಲ್ಲಿ ಹೆಚ್ಚು ಪೆಟ್ಟು ತಿನ್ನೋದು ಹಿಂದಿನ ಡಿರೇಲರ್ (ಗೇರ್ ಬದಲಿಸುವ ಭಾಗ) ಹಿಡಿದಿಡುವ ಹ್ಯಾಂಗರ್. 5 ಎಂಎಂ ಅಲೆನ್ ಕೀಯಿಂದ ಡಿರೇಲರ್ ಬಿಚ್ಚಿ, ಬಬಲ್ ರ‍್ಯಾಪ್ ಸುತ್ತಿ ಚೈನ್‌ಸ್ಟೇ (ಚೈನ್ ಪಕ್ಕದ ಫ್ರೇಮ್ ಕೊಳವೆ) ಒಳಬದಿಗೆ ಕಟ್ಟಿ. ಹ್ಯಾಂಗರ್ ಫ್ರೇಮಿಗೊಂದು ಥರ, ಸ್ಪೇರ್ ಜೊತೆಗಿರಲಿ. ಎಡ ಪೆಡಲ್‌ಗೆ ಉಲ್ಟಾ ಥ್ರೆಡ್. ಎಡಗಡೆ ನಿಂತು ಪ್ರದಕ್ಷಿಣೆಯಾಗಿ ತಿರುಗಿಸಿದರೆ ಬಿಚ್ಚುತ್ತೆ. ಹೈಡ್ರಾಲಿಕ್ ಡಿಸ್ಕ್ ಬ್ರೇಕ್ ಆದರೆ, ಚಕ್ರ ತೆಗೆದ ಕೂಡಲೇ ಪ್ಯಾಡ್‌ಗಳ ನಡುವೆ ದಪ್ಪ ರಟ್ಟು ಸಿಕ್ಕಿಸಿ. ಇಲ್ಲದಿದ್ದರೆ ಲಿವರ್ ಒತ್ತಿಹೋಗಿ ಪಿಸ್ಟನ್ ಮುಂದೆ ಬಂದು, ರೋಟರ್ (ಚಕ್ರದ ಡಿಸ್ಕ್) ಪ್ಯಾಡ್‌ಗಳ ನಡುವೆ ಹೋಗಲ್ಲ.

ಕ್ಯಾಂಪಿಂಗ್ ಗ್ಯಾಸ್ ಕ್ಯಾನಿಸ್ಟರ್ ವಿಮಾನದಲ್ಲಿ ಬಿಡಲ್ಲ, ಹೋದ ದೇಶದಲ್ಲೇ ಕೊಳ್ಳಿ. ಪವರ್ ಬ್ಯಾಂಕ್ ಕೈಚೀಲದಲ್ಲೇ.