ಕೊನೆಗಾಲದ ಚಿಕಿತ್ಸೆ: ಕಾನೂನಿಗೂ ಕಥೋಲಿಕ ಬೋಧನೆಗೂ ಒಪ್ಪುವಂತೆ ಲಿವಿಂಗ್ ವಿಲ್ ಬರೆಯುವುದು ಹೇಗೆ?

ವೆಂಟಿಲೇಟರ್ ಹಾಕೋಣವೇ, ಬೇಡವೇ? ಐಸಿಯು ಬಾಗಿಲಲ್ಲಿ ಡಾಕ್ಟರು ಹೀಗೆ ಕೇಳಿದಾಗ ಹಿರಿಮಗನದು ಒಂದು ಮಾತು, ಮಗಳದು ಇನ್ನೊಂದು. ಒಳಗೆ ಮಲಗಿರುವ ತಾಯಿಗೆ ಏನು ಬೇಕಿತ್ತೆಂದು ಇಬ್ಬರಿಗೂ ಗೊತ್ತಿಲ್ಲ. ಕಥೋಲಿಕ ಮನೆಯಾದರೆ ಮತ್ತೊಂದು ಅಳುಕೂ ಸೇರಿಕೊಳ್ಳುತ್ತದೆ: ಬೇಡ ಎಂದರೆ ಪಾಪ ಸುತ್ತಿಕೊಂಡೀತೇ? ಕೊನೆಗಾಲದಲ್ಲಿ ಯಾವ ಚಿಕಿತ್ಸೆ ಬೇಕು, ಯಾವುದು ಬೇಡ ಎಂದು ನೆಟ್ಟಗೆ ಓಡಾಡಿಕೊಂಡಿರುವಾಗಲೇ ಒಂದೆರಡು ಪುಟ ಬರೆದಿಟ್ಟರೆ ಮಕ್ಕಳ ತಲೆಯ ಮೇಲಿನ ಈ ಭಾರ ಎಷ್ಟೋ ಇಳಿಯುತ್ತದೆ. ಆ ಪತ್ರವೇ ಲಿವಿಂಗ್ ವಿಲ್.

ಮೊದಲು: ಯಾವುದನ್ನು ಕೇಳುವಂತಿಲ್ಲ?

ಇಂಜೆಕ್ಷನ್ ಕೊಟ್ಟು ಜೀವ ತೆಗೆಯಿರಿ ಎಂದು ಬರೆಯುವಂತಿಲ್ಲ. ಬರೆದರೂ ಅದಕ್ಕೆ ಬೆಲೆಯಿಲ್ಲ. ಹಾಗೆ ಮಾಡಿದ ವೈದ್ಯರು ನಮ್ಮ ಕಾನೂನಿನಲ್ಲಿ ಅಪರಾಧಿಗಳಾಗುತ್ತಾರೆ, ಕಥೋಲಿಕ ಧರ್ಮಸಭೆಯೂ ಅದನ್ನು ಕೊಲೆಯೆಂದೇ ಪರಿಗಣಿಸುತ್ತದೆ.

ಫಲವಿಲ್ಲದ ಚಿಕಿತ್ಸೆಯನ್ನು ಬೇಡವೆನ್ನುವುದು ಬೇರೆ ವಿಷಯ. ಘನತೆಯಿಂದ ಸಾಯುವುದು ಸಂವಿಧಾನದ 21ನೇ ವಿಧಿಯೊಳಗೇ ಬರುತ್ತದೆಂದು ಹೇಳಿ, ಲಿವಿಂಗ್ ವಿಲ್‌ಗೆ ಸುಪ್ರೀಂ ಕೋರ್ಟ್ 2018ರ ಮಾರ್ಚ್ 9ರಂದು ಮಾನ್ಯತೆ ಕೊಟ್ಟಿತು. ಅಸಾಧಾರಣ ಚಿಕಿತ್ಸೆಗೆ ಒಳಗಾಗಲೇಬೇಕೆಂಬ ಕಟ್ಟುಪಾಡಿಲ್ಲ ಎಂದು ಪೋಪ್ 12ನೇ ಪಿಯುಸ್ ಅರಿವಳಿಕೆ ತಜ್ಞರ ಮುಂದೆ ಹೇಳಿದ್ದು ಅದಕ್ಕೂ ಬಹಳ ಹಿಂದೆ, 1957ರಲ್ಲಿ. ಧರ್ಮಸಭೆಯ ಅಧಿಕೃತ ಬೋಧನೆಯ ಗ್ರಂಥವಾದ ಕೆಟೆಕಿಸಂನ 2278ನೇ ಕಂಡಿಕೆಯೂ ಅದನ್ನೇ ಹೇಳುತ್ತದೆ: ಹೊರಲಾರದ, ಅಪಾಯದ, ಫಲಕ್ಕೆ ಮೀರಿದ ಚಿಕಿತ್ಸೆಯನ್ನು ನಿಲ್ಲಿಸಬಹುದು. 2005ರಲ್ಲಿ ಪೋಪ್ ಎರಡನೇ ಜಾನ್ ಪಾಲ್ ಅವರು ಆಸ್ಪತ್ರೆಗೆ ಮರಳದೆ ವ್ಯಾಟಿಕನ್ನಿನ ತಮ್ಮ ಕೋಣೆಯಲ್ಲೇ ಕೊನೆಯುಸಿರೆಳೆದರು. ಅಳುಕುವವರಿಗೆ ನಾನು ಮೊದಲು ನೆನಪಿಸುವುದು ಇದನ್ನೇ.

ಎರಡನೆಯದು: ಸ್ಥಿತಿಯನ್ನು ಹೆಸರಿಸಿ ಬರೆಯಿರಿ

‘ನನ್ನನ್ನು ನರಳಿಸಬೇಡಿ’ ಎಂದಷ್ಟೇ ಬರೆದರೆ ಡಾಕ್ಟರಿಗೆ ಏನೂ ತಿಳಿಯದು. ಯಾವ ಸ್ಥಿತಿಯಲ್ಲಿ ಯಾವ ಚಿಕಿತ್ಸೆ ಬೇಡ ಎಂಬುದು ಬಿಡಿಸಿ ಬರಬೇಕು. ಉದಾಹರಣೆಗೆ:

*‘ನಾನು ನಿರ್ಧಾರ ಹೇಳಲಾಗದ ಸ್ಥಿತಿಯಲ್ಲಿದ್ದು, ಕಾಯಿಲೆ ಗುಣವಾಗುವ ಭರವಸೆ ಇಲ್ಲವೆಂದು ವೈದ್ಯರ ಮಂಡಳಿ ಹೇಳಿದರೆ, ಸಾವನ್ನು ಮುಂದೂಡುವುದಕ್ಕಷ್ಟೇ ಉಪಯೋಗವಾಗುವ ವೆಂಟಿಲೇಟರ್, ಡಯಾಲಿಸಿಸ್, ಎದೆ ಒತ್ತಿ ಹೃದಯ ಮರುಚಾಲನೆ ಮಾಡುವುದು ನನಗೆ ಬೇಡ. ನೋವು ನಿವಾರಣೆ, ಶುಚಿತ್ವ, ಆರೈಕೆ ಕೊನೆಯವರೆಗೂ ಬೇಕು.’*

ಈ ಕೊನೆಯ ವಾಕ್ಯವನ್ನು ಮಾತ್ರ ಬಿಡಬೇಡಿ.

ಮೂರನೆಯದು: ಆಹಾರದ ನಳಿಕೆ

ಹೆಚ್ಚಿನವರು ಎಡವುವುದು ಇಲ್ಲಿ. ಮೂಗಿನಿಂದಲೋ ಹೊಟ್ಟೆಯಿಂದಲೋ ಕೊಡುವ ಆಹಾರ, ನೀರನ್ನು ವೆಂಟಿಲೇಟರಿನ ಸಾಲಿಗೆ ಸೇರಿಸಲು ಧರ್ಮಸಭೆ ಒಪ್ಪುವುದಿಲ್ಲ. ಪ್ರಜ್ಞೆ ಮರಳದ ಸ್ಥಿತಿಯಲ್ಲಿರುವ ರೋಗಿಗೂ ಅದು ಸಹಜ ಆರೈಕೆಯೇ ಎಂದು 2004ರಲ್ಲಿ ಎರಡನೇ ಜಾನ್ ಪಾಲ್ ಹೇಳಿದರು, 2007ರಲ್ಲಿ ವ್ಯಾಟಿಕನ್ ಅದನ್ನು ಮತ್ತೆ ದೃಢಪಡಿಸಿತು. ವಿನಾಯಿತಿಯೂ ಇದೆ. ದೇಹ ಆಹಾರವನ್ನು ಜೀರ್ಣಿಸಿಕೊಳ್ಳಲಾಗದ ಹಂತ ತಲುಪಿದ್ದರೆ, ಅಥವಾ ನಳಿಕೆಯೇ ದೊಡ್ಡ ತೊಂದರೆಯಾಗಿದ್ದರೆ ಕಡ್ಡಾಯವಿಲ್ಲ. ಆದ್ದರಿಂದ ‘ದೇಹ ಸ್ವೀಕರಿಸುವವರೆಗೆ ಆಹಾರ, ನೀರು ಕೊಡಿ’ ಎಂದು ಪ್ರತ್ಯೇಕವಾಗಿ ಬರೆಯಿರಿ.

ಇಲ್ಲಿ ಹೊನ್ನಾವರದ ಹಳದೀಪುರದ ಅರುಣಾ ಶಾನಭಾಗ್ ಅವರ ನೆನಪಾಗದೆ ಇರದು. ಮುಂಬೈನ ಕೆಇಎಂ ಆಸ್ಪತ್ರೆಯ ನರ್ಸ್ ಆಗಿದ್ದ ಅವರು 1973ರ ನವೆಂಬರಿನಲ್ಲಿ ಹಲ್ಲೆಗೊಳಗಾಗಿ, 2015ರ ಮೇವರೆಗೂ ಅದೇ ಆಸ್ಪತ್ರೆಯ ಹಾಸಿಗೆಯಲ್ಲಿದ್ದರು. ಆಹಾರ ನಿಲ್ಲಿಸಿ ಎಂಬ ಅರ್ಜಿ ಸುಪ್ರೀಂ ಕೋರ್ಟಿಗೆ ಹೋದಾಗ ಅಲ್ಲಿನ ದಾದಿಯರು ಬೇಡವೆಂದರು. ತಾವೇ ತಿನ್ನಿಸಿ, ಮೈ ತೊಳೆದು ನೋಡಿಕೊಳ್ಳುತ್ತಿದ್ದವರ ಆ ಮಾತಿಗೆ ಕೋರ್ಟ್ ಮನ್ನಣೆ ಕೊಟ್ಟು 2011ರಲ್ಲಿ ಅರ್ಜಿಯನ್ನು ತಳ್ಳಿಹಾಕಿತು. ಚಿಕಿತ್ಸೆ ಹಿಂತೆಗೆಯುವುದಕ್ಕೆ ಈ ದೇಶದಲ್ಲಿ ದಾರಿ ತೆರೆದದ್ದೂ ಅದೇ ತೀರ್ಪು. ಅರುಣಾ ಅವರಿಗೆ ಏನು ಬೇಕಿತ್ತು ಎಂದು ಹೇಳುವ ಒಂದು ಚೀಟಿಯೂ ಯಾರ ಬಳಿಯೂ ಇರಲಿಲ್ಲ.

ನಾಲ್ಕನೆಯದು: ನೋವಿಗೆ ಮದ್ದು, ಗುರುಗಳಿಗೆ ಕರೆ

ಮಾರ್ಫಿನ್ ಎಂದರೆ ಹೆದರುವ ಕುಟುಂಬಗಳಿವೆ. ಸಾವನ್ನು ಬಯಸದೆ, ನೋವು ಕಳೆಯಲೆಂದೇ ಕೊಟ್ಟ ಔಷಧದಿಂದ ಆಯಸ್ಸು ಒಂದಿಷ್ಟು ತಗ್ಗಬಹುದಾದರೂ ಅದು ತಪ್ಪಲ್ಲ ಎಂಬುದು ಕೆಟೆಕಿಸಂನ ಮಾತು (2279). ಬೆಂಗಳೂರಿನ ಕರುಣಾಶ್ರಯದಂಥ ಕಡೆ ಕೊನೆಯ ಹಂತದ ಕ್ಯಾನ್ಸರ್ ರೋಗಿಗಳಿಗೆ ಉಪಶಮನ ಆರೈಕೆ ಉಚಿತ. ಮಂಪರು ಬರುವ ಔಷಧಕ್ಕೆ ಮೊದಲು ಪಾಪನಿವೇದನೆ, ಅಭ್ಯಂಗ (ರೋಗಿಗೆ ಪವಿತ್ರ ತೈಲ ಹಚ್ಚುವ ಸಂಸ್ಕಾರ), ಪರಮಪ್ರಸಾದಕ್ಕೆ ಗುರುಗಳನ್ನು ಕರೆಸಿ ಎಂದೂ ಸೇರಿಸಿ.

ಐದನೆಯದು: ಸಹಿ

ವಯಸ್ಕರಾಗಿರಬೇಕು, ಬುದ್ಧಿ ಸ್ಥಿಮಿತದಲ್ಲಿರಬೇಕು, ಯಾರ ಒತ್ತಡವೂ ಇರಬಾರದು. ನಿಮ್ಮ ಪರವಾಗಿ ಮಾತಾಡಲು ಇಬ್ಬರನ್ನು ಹೆಸರಿಸಿ. ಅವರು ಹತ್ತಿರದ ನೆಂಟರಿಗಿಂತಲೂ ನಿಮ್ಮ ಮನಸ್ಸು ಬಲ್ಲವರಾಗಿರಲಿ, ಬರೆದದ್ದನ್ನು ಅವರೆದುರು ಓದಿ ಹೇಳಿ. ಇಬ್ಬರು ಸಾಕ್ಷಿಗಳ ಮುಂದೆ ಸಹಿ ಹಾಕಿ, ನೋಟರಿ ಅಥವಾ ಗೆಜೆಟೆಡ್ ಅಧಿಕಾರಿಯಿಂದ ದೃಢೀಕರಿಸಿಕೊಳ್ಳಿ. ಮ್ಯಾಜಿಸ್ಟ್ರೇಟರ ಸಹಿ ಬೇಕೆಂಬ 2018ರ ಷರತ್ತು 2023ರ ಜನವರಿಯಲ್ಲಿ ಹೋಯಿತು. ಒಂದೊಂದು ಪ್ರತಿ ನಿಮ್ಮ ಪ್ರತಿನಿಧಿಗಳಿಗೆ, ಕುಟುಂಬ ವೈದ್ಯರಿಗೆ, ಪಾಲಿಕೆ ಅಥವಾ ಪಂಚಾಯಿತಿಯ ನಿಯೋಜಿತ ಅಧಿಕಾರಿಗೆ. ಬೀರುವಿನೊಳಗೆ ಬೀಗ ಹಾಕಿಟ್ಟ ಪತ್ರ ರಾತ್ರಿ ಎರಡು ಗಂಟೆಗೆ ಆಸ್ಪತ್ರೆ ತಲುಪುವುದಿಲ್ಲ.

ಮುಂದೆ ಆಸ್ಪತ್ರೆಯಲ್ಲಿ

ನೀವು ಮಾತಾಡಬಲ್ಲಿರಾದರೆ ನಿಮ್ಮ ಮಾತೇ ನಡೆಯುತ್ತದೆ, ಪತ್ರ ಕೆಲಸಕ್ಕೆ ಬರುವುದು ಆನಂತರ. ಚಿಕಿತ್ಸೆ ನೀಡುತ್ತಿರುವ ವೈದ್ಯರು ಮತ್ತು ಕನಿಷ್ಠ 5 ವರ್ಷದ ಅನುಭವವಿರುವ ಇಬ್ಬರು ತಜ್ಞರ ಮಂಡಳಿ ಮೊದಲು ಪರಿಶೀಲಿಸುತ್ತದೆ. ಬಳಿಕ ಬೇರೆ ಮೂವರ ಎರಡನೇ ಮಂಡಳಿ. ಅದರಲ್ಲಿ ಒಬ್ಬರನ್ನು ಜಿಲ್ಲೆಯ ಮುಖ್ಯ ವೈದ್ಯಾಧಿಕಾರಿ ಹೆಸರಿಸಬೇಕು. ಪ್ರತಿ ಮಂಡಳಿಯೂ ಸಾಧ್ಯವಾದಷ್ಟು 48 ಗಂಟೆಯೊಳಗೆ ಅಭಿಪ್ರಾಯ ಕೊಡಬೇಕು. ಚಿಕಿತ್ಸೆ ಹಿಂತೆಗೆಯುವ ಮೊದಲು ಆಸ್ಪತ್ರೆ ಮ್ಯಾಜಿಸ್ಟ್ರೇಟರಿಗೆ ತಿಳಿಸುತ್ತದೆ. ಕರ್ನಾಟಕ ಸರ್ಕಾರ ಇದನ್ನು ಜಾರಿಗೊಳಿಸಲು 2025ರ ಜನವರಿ 30ರಂದು ಸುತ್ತೋಲೆ ಹೊರಡಿಸಿದೆ. ಯಾವುದಾದರೂ ಆಸ್ಪತ್ರೆ ತನಗೆ ಗೊತ್ತೇ ಇಲ್ಲವೆಂದರೆ ಈ ತಾರೀಖನ್ನು ಮುಂದಿಡಿ. ಮಂಡಳಿ ನಿರಾಕರಿಸಿದರೆ ಹೈಕೋರ್ಟಿಗೆ ಹೋಗಬಹುದು.

ಪತ್ರ ಬರೆದಿರದಿದ್ದರೂ ಮನೆಯವರ ಒಪ್ಪಿಗೆಯ ಮೇಲೆ ಇವೇ ಎರಡು ಮಂಡಳಿಗಳು ತೀರ್ಮಾನಿಸಬಹುದು. ಬರೆದವರು ಮನಸ್ಸು ಬದಲಾದರೆ ಯಾವಾಗ ಬೇಕಾದರೂ ಲಿಖಿತವಾಗಿ ಬದಲಿಸಬಹುದು, ರದ್ದು ಮಾಡಬಹುದು. ಹಾಗೆ ಮಾಡಿದಾಗ ಹಳೆಯ ಪ್ರತಿಗಳನ್ನು ಕೊಟ್ಟವರಿಂದಲೆಲ್ಲ ವಾಪಸ್ ಪಡೆದು ಹೊಸದನ್ನು ಕೊಡಿ.